ಹಲಗೆಯ ಹಿಂದಿನ ರಾಡಿ

ಪಂಚಗಂಗೆಯ ನೀರನ್ನು ಪರೀಕ್ಷಿಸುತ್ತಲೇ ಇದ್ದೇವೆ. ತಳದಲ್ಲಿ ಕೂತ ಹೂಳನ್ನು ವಿಚಾರಿಸುವುದು ಅಪರೂಪ. ಹೊಳೆಯ ಕೊಡು-ಕೊಳ್ಳುವ ಲೆಕ್ಕವೆಲ್ಲ ಇರುವುದು ಅಲ್ಲಿಯೇ.

ಮೇ ತಿಂಗಳ ಕೊನೆಯ ವಾರ ಇಚಲಕರಂಜಿಯಿಂದ ಕೆಳಗೆ ಪಂಚಗಂಗೆಯ ಬಾಂದಾರವೊಂದರ ಮೇಲೆ ನಿಂತು ನೋಡಿ. ಕಂಬಗಳ ನಡುವೆ ಹಲಗೆ ಇಳಿಸಿದ್ದಾರೆ, ಹಿಂದೆ ನೀರು ಅಲುಗಾಡದೆ ನಿಂತಿದೆ. ಅಲ್ಲಿಯವರು ಜಲಪರ್ಣಿ ಎನ್ನುವ ನೀರ್ಕಳೆ ದಡದಿಂದ ದಡಕ್ಕೆ ಹಾಸಿಕೊಂಡಿದೆ. ಎಮ್ಮೆ ಇಳಿದು ಸೀಳಿದ ಜಾಗದಲ್ಲಷ್ಟೇ ನೀರು ಕಾಣುತ್ತದೆ, ಅದೂ ಡಿಕಾಕ್ಷನ್ ಬಣ್ಣದ್ದು. ಅಲ್ಲಿ ತಳದಿಂದ ಗುಳ್ಳೆಗಳು ಒಂದೊಂದಾಗಿ ಎದ್ದು ಒಡೆಯುತ್ತವೆ. ನಸುಕಿನಲ್ಲಿ ಬಂದರೆ ಮೀನುಗಳು ಬಾಯಿ ಮೇಲೆತ್ತಿ ಗಾಳಿಗಾಗಿ ತಡಕಾಡುವುದು ಕಾಣುತ್ತದೆ. ತೇರವಾಡ ಬಾಂದಾರದ ಬಳಿ ಮೀನು ರಾಶಿರಾಶಿಯಾಗಿ ಸತ್ತು ತೇಲಿದ ಸುದ್ದಿ ಎಷ್ಟೋ ಬೇಸಿಗೆಗಳಲ್ಲಿ ಬಂದಿದೆ.

ಪ್ರತಿ ಸಲವೂ ಎಲ್ಲರೂ ಕೇಳುವುದು ಒಂದೇ: ಯಾರು ಬಿಟ್ಟರು? ಯಾವ ನಾಲೆಯಿಂದ ಬಂತು? ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಅರ್ಧ ಉತ್ತರ ಹಲಗೆಯ ಹಿಂದೆ ಕೂತ ಕಪ್ಪು ರಾಡಿಯಲ್ಲಿದೆ. ಹಿಂದಿನ ತಿಂಗಳು ಬಿಟ್ಟದ್ದನ್ನೂ ಹಿಂದಿನ ವರ್ಷ ಬಿಟ್ಟು ಉಳಿದದ್ದನ್ನೂ ಅದು ಹಿಡಿದಿಟ್ಟುಕೊಂಡಿರುತ್ತದೆ. ಹೊತ್ತು ಬಂದಾಗ ನೀರಿಗೇ ಮರಳಿ ಕೊಡುತ್ತದೆ.

ಐದು ಹೊಳೆ, ಎರಡು ರಾಜ್ಯ

ಕಾಸಾರಿ, ಕುಂಭಿ, ತುಳಸಿ, ಭೋಗಾವತಿ. ಸಹ್ಯಾದ್ರಿಯಿಂದ ಇಳಿದ ಈ ನಾಲ್ಕು ಹೊಳೆಗಳಿಗೆ ಗುಪ್ತಗಾಮಿನಿ ಸರಸ್ವತಿಯನ್ನೂ ಸೇರಿಸಿ ಜನ ಪಂಚಗಂಗೆ ಎಂದರು. ಕೊಲ್ಹಾಪುರದ ಸಮೀಪ ಪ್ರಯಾಗ ಚಿಖಲಿಯಲ್ಲಿ ಒಂದಾದ ಹೊಳೆ ನಗರದ ಅಂಚಿಗೆ ಹರಿದು, ಇಚಲಕರಂಜಿ ದಾಟಿ, ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ಕರ್ನಾಟಕ. ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿಯ ಹೊಳೆಸಾಲು ಕುಡಿಯುವುದೂ ಕಬ್ಬಿಗೆ ಹಾಯಿಸುವುದೂ ಇದೇ ನೀರನ್ನು.

ದಕ್ಷಿಣಕ್ಕೆ ಗಡಹಿಂಗ್ಲಜದ್ದು ಬೇರೆ ಹೊಳೆ, ಹಿರಣ್ಯಕೇಶಿ. ಅಂಬೋಲಿಯ ಗುಹೆಯಲ್ಲಿ ಹುಟ್ಟಿ, ಆಜರಾ ದಾಟಿ, ಗಡಹಿಂಗ್ಲಜದ ಪಕ್ಕ ಹರಿದು, ಸಂಕೇಶ್ವರದ ಹತ್ತಿರ ಕರ್ನಾಟಕಕ್ಕೆ ಬಂದು, ಕೊನೆಗೆ ಘಟಪ್ರಭೆಗೆ ಕೂಡುತ್ತದೆ. ಬೆಲ್ಲಕ್ಕೂ ಸಂಕೇಶ್ವರಿ ಮೆಣಸಿನಕಾಯಿಗೂ ಹೆಸರಾದ ಗಡಹಿಂಗ್ಲಜ ಪೇಟೆಯಲ್ಲಿ ಕನ್ನಡ-ಮರಾಠಿ ಎರಡೂ ನಡೆಯುತ್ತವೆ. ಗಡಿ ಇರುವುದು ನಕಾಶೆಯಲ್ಲಿ. ಹೊಳೆಯ ಕೆಳಗಿನ ಮಣ್ಣು ಎರಡೂ ಕಡೆ ಒಂದೇ.

ಈ ಸೀಮೆಗೆ ಕೊಲ್ಹಾಪುರ ಕೊಟ್ಟ ದೊಡ್ಡ ಕೊಡುಗೆ ಬಾಂದಾರ. ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಹಲಗೆ ಇಳಿಸಿ ನೀರು ನಿಲ್ಲಿಸುವುದು, ಮುಂದಿನ ಮಳೆಗೆ ಮುಂಚೆ ಹಲಗೆ ತೆಗೆದು ಹೊಳೆಯನ್ನು ಬಿಡುಗಡೆ ಮಾಡುವುದು. ಇಷ್ಟೇ ಇದರ ತಂತ್ರ. ಕರ್ನಾಟಕದಲ್ಲೂ ಇದನ್ನು ‘ಕೊಲ್ಹಾಪುರ ಮಾದರಿ ಬಾಂದಾರ’ ಎಂದೇ ಕರೆಯುತ್ತಾರೆ. ಶಾಹು ಮಹಾರಾಜರು ಭೋಗಾವತಿಗೆ ರಾಧಾನಗರಿಯಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ ನೋಡಿದ ಕನಸಿನ ಮುಂದುವರಿಕೆ ಎಂಬಂತೆ, ಈ ಬಾಂದಾರಗಳಿಂದಲೇ ಪಂಚಗಂಗೆಯ ಕಣಿವೆ ಕಬ್ಬಿನ ಕಣಿವೆಯಾಯಿತು. ಆದರೆ ಹಲಗೆ ಹಾಕಿದ ಎಂಟು ತಿಂಗಳು ಹೊಳೆ ಹೊಳೆಯಾಗಿ ಉಳಿಯುವುದಿಲ್ಲ, ಸಾಲಾಗಿ ಜೋಡಿಸಿದ ಕೆರೆಗಳಾಗುತ್ತದೆ. ಹರಿಯುವ ನೀರು ಹೊತ್ತೊಯ್ಯುತ್ತಿದ್ದ ನುಣುಪು ಕೆಸರು ಅಲ್ಲಿ ತಳ ಸೇರುತ್ತದೆ. ಈ ಲೇಖನದ ಕಥೆ ಶುರುವಾಗುವುದು ಆ ಕೆಸರಿನಿಂದ.

ಹೊಳೆಗೆ ಏನೇನು ಬರುತ್ತದೆ

ಮನುಷ್ಯನ ದೇಹದಿಂದ ದಿನಕ್ಕೆ ಸುಮಾರು ಒಂದೂವರೆ ಗ್ರಾಂ ರಂಜಕ ಹೊರಹೋಗುತ್ತದೆ. 2011ರ ಜನಗಣತಿಯಂತೆ ಕೊಲ್ಹಾಪುರದ ಜನಸಂಖ್ಯೆ 5.49 ಲಕ್ಷ. ಗುಣಿಸಿ ನೋಡಿದರೆ ದಿನಕ್ಕೆ 800 ಕಿಲೊಗಿಂತ ಹೆಚ್ಚು ರಂಜಕ. ಸಾಬೂನು ಪುಡಿಯದು ಬೇರೆ. ಜಯಂತಿ ನಾಲೆಯಂಥ ಹಳ್ಳಗಳಲ್ಲಿ ಹರಿಯುವ ಕೊಳಚೆಯಲ್ಲಿ ಇದೆಲ್ಲ ಕರಗಿರುತ್ತದೆ. ಸಾಮಾನ್ಯ ಶುದ್ಧೀಕರಣ ಘಟಕ ಕೊಳಚೆಯ ವಾಸನೆ, ಬಣ್ಣ ತೆಗೆದೀತು. ರಂಜಕವನ್ನು ಅದು ತೆಗೆಯುವುದು ಭಾಗಶಃ ಮಾತ್ರ. ಒಂದು ಗ್ರಾಂ ರಂಜಕ ಸಿಕ್ಕರೆ, ಬೇರೆಲ್ಲ ಅನುಕೂಲವಿದ್ದಾಗ, ನೂರು ಗ್ರಾಂ ಒಣ ತೂಕದ ಪಾಚಿ ಬೆಳೆಯಬಲ್ಲದು. ಆ ಪಾಚಿ ಸತ್ತು ಕೊಳೆಯುವಾಗ ನೀರಿನಿಂದ ಸುಮಾರು 140 ಗ್ರಾಂ ಆಮ್ಲಜನಕ ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ 30 ಡಿಗ್ರಿ ಬಿಸಿಯ ನೀರಿನಲ್ಲಿ ಲೀಟರಿಗೆ ಏಳೂವರೆ ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕ ಕರಗುವುದೇ ಇಲ್ಲ. ಮೀನು ಬಾಯಿ ಮೇಲೆತ್ತುವುದು ಯಾಕೆಂದು ಈ ಲೆಕ್ಕವೇ ಹೇಳುತ್ತದೆ.

ಇಚಲಕರಂಜಿಯ ಪಾಲು ಬೇರೆ ಬಗೆಯದು. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಮೊದಲ ವಿದ್ಯುತ್ ಮಗ್ಗ ತಂದಾಗಿನಿಂದ ಅದು ನೇಕಾರರ ಊರು. ರಬಕವಿ-ಬನಹಟ್ಟಿಯ ನೇಕಾರರಿಗೆ ಹೇಗೋ ಹಾಗೆ ಅಲ್ಲಿಯವರಿಗೂ ಬೀಮು, ಸೈಜಿಂಗ್, ಪ್ರೊಸೆಸಿಂಗ್ ಮನೆಮಾತು. ಎಳೆಗೆ ಹಾಕಿದ ಗಂಜಿಯನ್ನು ಬಟ್ಟೆಯಾದ ಮೇಲೆ ತೊಳೆದು ತೆಗೆಯಬೇಕು. ಗಂಜಿ ಕೊಳೆತರೆ ಆಮ್ಲಜನಕ ತಿನ್ನುತ್ತದೆ. ಬಣ್ಣ ಎಳೆಗೆ ಹತ್ತಲು ಉಪ್ಪು ಅಥವಾ ಸೋಡಿಯಂ ಸಲ್ಫೇಟ್ ಬೇಕು. ಕೆಲವು ಬಣ್ಣಗಳ ಅಣುವಿನಲ್ಲೇ ತಾಮ್ರ, ಕ್ರೋಮಿಯಂ ಇರುತ್ತವೆ. ಶಿರೋಲಿ, ಗೋಕುಲ ಶಿರಗಾಂವ್ ಕಡೆ ಎರಕದ ಕಾರ್ಖಾನೆಗಳು, ಹುಪರಿಯಲ್ಲಿ ಬೆಳ್ಳಿ ಕೆಲಸ, ಕಣಿವೆಯ ಉದ್ದಕ್ಕೂ ಸಕ್ಕರೆ ಕಾರ್ಖಾನೆ, ಅವುಗಳ ಸುತ್ತ ರಸಗೊಬ್ಬರ ಉಂಡ ಕಬ್ಬಿನ ಗದ್ದೆ. ಸೂಪರ್ ಫಾಸ್ಫೇಟ್ ತಯಾರಿಸುವ ಶಿಲೆಯಲ್ಲೇ ಅಲ್ಪಸ್ವಲ್ಪ ಕ್ಯಾಡ್ಮಿಯಂ ಇರುತ್ತದೆ. ಗದ್ದೆಯಿಂದ ಕೊಚ್ಚಿಹೋದ ಮಣ್ಣಿನೊಂದಿಗೆ ಅದೂ ಹೊಳೆಗೆ ಇಳಿಯುತ್ತದೆ.

ಎಲ್ಲ ಕಸುಬನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 2019ರಲ್ಲಿ ಮಹಾರಾಷ್ಟ್ರ-ಕರ್ನಾಟಕದ ಎಂಟು ಜಿಲ್ಲೆಗಳಿಗೆ ಒಟ್ಟಾಗಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ತೊಗಲನ್ನು ಸಾಂಪ್ರದಾಯಿಕವಾಗಿ ಹದ ಮಾಡುವುದು ಅಳಲೆಕಾಯಿ, ಜಾಲಿ ತೊಗಟೆಗಳಿಂದ. ಆ ಹದಕ್ಕೆ ಕ್ರೋಮಿಯಂ ಬೇಡ. ಅಥಣಿ, ನಿಪ್ಪಾಣಿ ಕಡೆಯ ಚಮ್ಮಾರರ ಈ ಹಳೆಯ ಕೈಗುಣ ಹೊಳೆಯ ಮಟ್ಟಿಗೂ ಒಳ್ಳೆಯದೇ.

ಗಾಜಿನ ಬರಣಿಯಲ್ಲಿ ಒಂದು ಹೊಳೆ

ತಳದಲ್ಲಿ ಏನು ನಡೆಯುತ್ತದೆ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಡ. ಒಂದು ಗಾಜಿನ ಬರಣಿಗೆ ಹೊಳೆಯಂಚಿನ ರಾಡಿ ಅರ್ಧ ತುಂಬಿ, ಮೇಲೆ ಹೊಳೆಯ ನೀರು ಹಾಕಿ, ಮುಚ್ಚಳ ಬಿಗಿಯದೆ ಕಿಟಕಿಯಲ್ಲಿಡಿ. ಕೆಲವು ದಿನಗಳಲ್ಲಿ ರಾಡಿ ಎರಡು ಪದರವಾಗುತ್ತದೆ. ನೀರಿಗೆ ತಾಗಿದ ಕೆಲವೇ ಮಿಲಿಮೀಟರು ದಪ್ಪದ ತೆಳುಪದರ ಕಂದು, ಅದರ ಕೆಳಗೆಲ್ಲ ಕಪ್ಪು. ಕಡ್ಡಿಯಿಂದ ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಆ ಕಪ್ಪು ರಾಡಿಯನ್ನು ತಟ್ಟೆಯಲ್ಲಿ ಹರಡಿ ಗಾಳಿಗಿಟ್ಟರೆ ಕೆಲವು ಗಂಟೆಗಳಲ್ಲಿ ಮೇಲ್ಮೈ ಮತ್ತೆ ಕಂದಾಗುತ್ತದೆ. ಇಡೀ ಪಂಚಗಂಗೆಯ ರಸಾಯನಶಾಸ್ತ್ರ ಈ ಬರಣಿಯಲ್ಲಿದೆ.

ಮೇಲಿನ ಕಂದು ಕಬ್ಬಿಣದ ತುಕ್ಕಿನದು. ಈ ತುಕ್ಕಿಗೆ ರಂಜಕವನ್ನು ಹಿಡಿದಿಡುವ ಶಕ್ತಿಯಿದೆ. ನೀರಿನಲ್ಲಿ ಆಮ್ಲಜನಕ ಇರುವವರೆಗೆ ಆ ತೆಳುಪದರ ಒಂದು ಬಾಗಿಲಿನಂತೆ ನಿಂತು ರಂಜಕ ಹೊರಬಾರದಂತೆ ಕಾಯುತ್ತದೆ. ಅದರ ಕೆಳಗೆ ಸೂಕ್ಷ್ಮಜೀವಿಗಳು ಕೊಳೆ ತಿಂದು ಬದುಕುತ್ತವೆ. ಉಸಿರಾಡಲು ಆಮ್ಲಜನಕ ಮುಗಿದ ಮೇಲೆ ಅವು ನೈಟ್ರೇಟ್ ಬಳಸುತ್ತವೆ, ಆಮೇಲೆ ಮ್ಯಾಂಗನೀಸ್, ಆಮೇಲೆ ಕಬ್ಬಿಣ, ಆಮೇಲೆ ಸಲ್ಫೇಟ್. ಕೊನೆಗೆ ಉಳಿಯುವುದು ಮೀಥೇನ್. ಬಾಂದಾರದ ಹಿಂದೆ ಏಳುವ ಗುಳ್ಳೆಯಲ್ಲಿ ಹೆಚ್ಚಿನದು ಅದೇ. ನೈಟ್ರೇಟಿನ ಹಂತದಲ್ಲಿ ರಾಡಿ ನಮಗೆ ಉಪಕಾರವನ್ನೇ ಮಾಡುತ್ತದೆ, ಗೊಬ್ಬರದ ಸಾರಜನಕವನ್ನು ನಿರಪಾಯ ಗಾಳಿಯಾಗಿಸಿ ಆಕಾಶಕ್ಕೆ ಬಿಡುತ್ತದೆ. ಕಬ್ಬಿಣದ ಹಂತಕ್ಕೆ ಬಂದಾಗ ಕಥೆ ತಿರುಗುತ್ತದೆ. ತುಕ್ಕು ಕರಗುತ್ತದೆ, ಬಾಗಿಲು ಕಳಚುತ್ತದೆ, ಹಿಡಿದಿಟ್ಟ ರಂಜಕವೆಲ್ಲ ನೀರಿಗೆ ಬರುತ್ತದೆ. ಇಂಗ್ಲೆಂಡಿನ ಸರೋವರಗಳ ಕೆಸರಿನಲ್ಲಿ ಇದನ್ನು ಅಳೆದು ತೋರಿಸಿದವರು ಕ್ಲಿಫರ್ಡ್ ಮಾರ್ಟಿಮರ್, 1941–42ರಲ್ಲಿ. ಬಾಂದಾರ ಹಾಕಿದ ಹೊಳೆಯೂ ಬೇಸಿಗೆಯಲ್ಲಿ ಸರೋವರವೇ.

ಇಲ್ಲೊಂದು ಗಂಟು ಇದೆ. ಸಲ್ಫೇಟಿನಿಂದ ಹುಟ್ಟಿದ ಸಲ್ಫೈಡ್ ಕಬ್ಬಿಣವನ್ನು ಕಚ್ಚಿ ಕಪ್ಪು ಪದಾರ್ಥವಾಗುತ್ತದೆ. ಹಾಗೆ ಸಿಕ್ಕಿಬಿದ್ದ ಕಬ್ಬಿಣಕ್ಕೆ ರಂಜಕ ಹಿಡಿಯಲು ಆಗುವುದಿಲ್ಲ. ಅಂದರೆ ಬಣ್ಣದ ಮನೆಯಿಂದ ಬಂದ ಸಲ್ಫೇಟು ನಗರದ ಶೌಚದಿಂದ ಬಂದ ರಂಜಕದ ಬೀಗ ತೆಗೆಯಬಲ್ಲದು. ಕೊಲ್ಹಾಪುರ ಇಚಲಕರಂಜಿಯನ್ನೂ ಇಚಲಕರಂಜಿ ಕೊಲ್ಹಾಪುರವನ್ನೂ ದೂರುತ್ತಾ ಕೂತರೆ ಇದು ಅರ್ಥವಾಗದು. ಎರಡೂ ಊರಿನ ಕೊಳೆ ರಾಡಿಯಲ್ಲಿ ಭೇಟಿಯಾಗಿ, ಒಂದಕ್ಕೊಂದು ಬಲ ಕೊಡುತ್ತದೆ.

ಜಲಪರ್ಣಿ ಇದೇ ರಂಜಕದ ಕೂಸು. ಬೆಳೆದಷ್ಟೂ ಗಾಳಿ-ಬೆಳಕು ನೀರಿಗೆ ಸೇರದಂತೆ ಮುಚ್ಚುತ್ತದೆ. ಸತ್ತು ಮುಳುಗಿದಾಗ ಮತ್ತೆ ಕೊಳೆಯಾಗಿ ತಳ ಸೇರುತ್ತದೆ. ಅದರ ಬೇರು ಲೋಹಗಳನ್ನೂ ಹೀರಿಕೊಳ್ಳುತ್ತದೆ. ಯಂತ್ರದಿಂದ ಎಳೆದು ದಡದ ಮೇಲೆ ಒಣಹಾಕಿ ಬಿಟ್ಟರೆ ಮೊದಲ ಮಳೆಗೆ ಎಲ್ಲವೂ ಇದ್ದಲ್ಲಿಗೇ ವಾಪಸು.

ಲೋಹ ಎಲ್ಲಿ ಅಡಗುತ್ತದೆ

ಸತು, ತಾಮ್ರ ಮಿತಿಯಲ್ಲಿದ್ದರೆ ವಿಷವಲ್ಲ. ಅಲ್ಪ ಪ್ರಮಾಣದಲ್ಲಿ ಬೆಳೆಗೂ ದನಕ್ಕೂ ಮನುಷ್ಯನಿಗೂ ಬೇಕು. ಸೀಸ, ಕ್ಯಾಡ್ಮಿಯಂ ಯಾರಿಗೂ ಬೇಡ. ಇವೆಲ್ಲ ಮರಳಿಗೆ ಅಷ್ಟಾಗಿ ಅಂಟುವುದಿಲ್ಲ, ಹಿಟ್ಟಿನಂಥ ನುಣುಪು ಜೇಡಿಗೆ ಅಂಟುತ್ತವೆ. ಆದ್ದರಿಂದಲೇ ತಜ್ಞರು ಹೂಳನ್ನು 63 ಮೈಕ್ರಾನ್ ಜರಡಿಯಲ್ಲಿ ಸೋಸಿ, ಕೆಳಗೆ ಬಿದ್ದ ನುಣುಪನ್ನು ಪರೀಕ್ಷಿಸುವುದು ವಾಡಿಕೆ. ಕಪ್ಪು ರಾಡಿಯಲ್ಲಿ ಸಲ್ಫೈಡ್ ಈ ಲೋಹಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಆಗ ಮೇಲಿನ ನೀರನ್ನು ಪರೀಕ್ಷಿಸಿದರೆ ಲೋಹ ಸಿಗುವುದಿಲ್ಲ, ವರದಿ ಚೆನ್ನಾಗಿಯೇ ಬರುತ್ತದೆ. ರಾಡಿ ಕದಡಿ ಗಾಳಿಗೆ ಬಂದಾಗ ಸಲ್ಫೈಡ್ ಉರಿದು, ಹಿಡಿದದ್ದು ಬಿಟ್ಟುಹೋಗುತ್ತದೆ.

ರಾಡಿ ಕದಡುವ ದಿನ ಯಾವುದು? ಜೂನಿನಲ್ಲಿ ಹಲಗೆ ತೆಗೆಯುವ ದಿನ. ಎಂಟು ತಿಂಗಳ ಶೇಖರಣೆ ಕೆಲವೇ ದಿನಗಳಲ್ಲಿ ಒಂದು ಬಾಂದಾರದಿಂದ ಇನ್ನೊಂದಕ್ಕೆ, ಅಲ್ಲಿಂದ ಕೃಷ್ಣೆಗೆ ಇಳಿಯುತ್ತದೆ. ಮಹಾಪೂರ ಬಂದ ವರ್ಷ ಹೊಲಕ್ಕೂ ಏರುತ್ತದೆ. ಕೊಲ್ಹಾಪುರದ ರಾಜಾರಾಮ ಬಾಂದಾರದಲ್ಲಿ ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ನೀರು 55 ಅಡಿ ದಾಟಿತು. ಇಳಿದ ಮೇಲೆ ಮನೆ, ಮಗ್ಗ, ಗದ್ದೆಗಳ ತುಂಬ ರಾಡಿ ಉಳಿಯಿತು. ಹೊಳೆಸಾಲಿನ ರೈತನಿಗೆ ಮಹಾಪೂರದ ಮಣ್ಣೆಂದರೆ ಗೋಡು, ಪುಕ್ಕಟೆ ಗೊಬ್ಬರ. ಅಜ್ಜನ ಕಾಲಕ್ಕೆ ಆ ನಂಬಿಕೆ ಪೂರ್ತಿ ಸರಿಯಿತ್ತು. ಈಗಲೂ ರಂಜಕ, ಜೇಡಿ ಸಿಗುತ್ತವೆ. ಜೊತೆಗೆ ಇನ್ನೇನು ಬಂತೆಂಬುದನ್ನು ಅಳೆಯದೆ ಹೇಳಲಾಗದು.

ನರಸೋಬವಾಡಿಯಲ್ಲಿ ಹೊಳೆ ಏರಿ ದತ್ತನ ಪಾದುಕೆಗಳ ಮೇಲೆ ಹರಿದು ದಕ್ಷಿಣ ಬಾಗಿಲಿನಿಂದ ಹೊರಡುವಾಗ, ಆ ನೀರಿನಲ್ಲಿ ಮಿಂದು ಪುನೀತರಾಗಲು ಭಕ್ತರು ಸಾಲುಗಟ್ಟುತ್ತಾರೆ. ದಕ್ಷಿಣದ್ವಾರ ಸೋಹಳೆ ಎಂದು ಅದಕ್ಕೆ ಹೆಸರು. ಬೆಳಗಾವಿ ಕಡೆಯ ಕನ್ನಡಿಗರೂ ನಡೆದುಕೊಳ್ಳುವ ಕ್ಷೇತ್ರ ಅದು. ಅಷ್ಟು ಶ್ರದ್ಧೆಯಿಂದ ತಲೆಗೆ ಹಾಕಿಕೊಳ್ಳುವ ನೀರು ಮೇಲಿನ ಬಾಂದಾರಗಳ ತಳ ತೊಳೆದು ಬಂದದ್ದು. ಆ ಭಕ್ತಿಗೆ ತಕ್ಕ ಹೊಳೆಯನ್ನು ಉಳಿಸಿಕೊಡುವುದು ನಮ್ಮ ಕರ್ತವ್ಯ.

ಕರಿಕಲ್ಲಿನ ಪಾಲು

ಹೂಳಿನಲ್ಲಿ ತಾಮ್ರ ಸಿಕ್ಕಿತೆಂದರೆ ಕಾರ್ಖಾನೆಯೇ ಕಾರಣ ಎನ್ನಲೂ ಬಾರದು. ಕೊಲ್ಹಾಪುರ ನಿಂತಿರುವುದು ದಖ್ಖಣದ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟಿನ ಮೇಲೆ. ಈ ಕರಿಕಲ್ಲು ಕಬ್ಬಿಣ, ಟೈಟಾನಿಯಂ, ಮ್ಯಾಂಗನೀಸ್‌ಗಳಲ್ಲಿ ಶ್ರೀಮಂತ. ಅದರಲ್ಲಿ ಕಿಲೊಗೆ 100 ಮಿಲಿಗ್ರಾಂಗಿಂತ ಹೆಚ್ಚು ತಾಮ್ರ ಇರುವುದು ಸಾಮಾನ್ಯ. ಎರಿ ಭೂಮಿ ಹುಟ್ಟಿದ್ದೇ ಆ ಕಲ್ಲು ಪುಡಿಯಾಗಿ. ಕೆನಡಾ ದೇಶ ಸಿಹಿನೀರಿನ ಹೂಳಿಗೆ ಇಟ್ಟ ಎಚ್ಚರಿಕೆಯ ಮಿತಿ ಕಿಲೊಗೆ 35.7 ಮಿಲಿಗ್ರಾಂ ತಾಮ್ರ. ಆ ಅಳತೆಗೋಲು ತಂದು ಹಿಡಿದರೆ ರಾಧಾನಗರಿ ಕಾಡಿನ ಶುದ್ಧ ತೊರೆಯ ಮಣ್ಣೂ ‘ಕಲುಷಿತ’ ಆಗಿಬಿಡುತ್ತದೆ. ಅಪರಾಧಿ ತಪ್ಪಿಸಿಕೊಳ್ಳಲು ಅದೇ ದಾರಿಯಾಗುತ್ತದೆ: ಎಲ್ಲವೂ ಕಲ್ಲಿನದೇ ಎಂದುಬಿಡಬಹುದು.

ಹಾಗಾಗಿ ನಮ್ಮ ನೆಲಕ್ಕೆ ನಮ್ಮದೇ ಅಳತೆ ಬೇಕು. ಕೃಷ್ಣಾ ಕೊಳ್ಳದ ಹೂಳಿನ ಲೋಹಗಳನ್ನು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ವಿ. ಸುಬ್ರಮಣಿಯನ್, ಆರ್. ರಮೇಶ್ ಮತ್ತು ಸಂಗಡಿಗರು ಅಭ್ಯಾಸ ಮಾಡಿ 1990ರಲ್ಲೇ ಪ್ರಕಟಿಸಿದ್ದರು. ದಾರಿ ಗೊತ್ತಿದೆ. ಊರು, ಕಾರ್ಖಾನೆ ಮುಟ್ಟುವ ಮೊದಲಿನ ತೊರೆಯಿಂದ ಮಣ್ಣು ತೆಗೆದು ಮೂಲ ಪ್ರಮಾಣ ತಿಳಿಯಬೇಕು. ಕಲ್ಲಿನಿಂದ ಬಿಟ್ಟರೆ ಬೇರೆಡೆಯಿಂದ ಹೆಚ್ಚು ಬಾರದ ಅಲ್ಯುಮಿನಿಯಂ ಅಥವಾ ಟೈಟಾನಿಯಂ ಜೊತೆ ಪ್ರತಿ ಲೋಹದ ಅನುಪಾತ ನೋಡಬೇಕು. ಅನುಪಾತ ಏರಿದಲ್ಲಿ ಮನುಷ್ಯನ ಕೈ ಇದೆ.

ಗಡಹಿಂಗ್ಲಜದ ಹೊಳೆ ಮುಖ್ಯವಾಗುವುದು ಇಲ್ಲಿ. ಹಿರಣ್ಯಕೇಶಿಯ ಹುಟ್ಟಿನ ಗುಹೆಯ ಕೊಳದಲ್ಲಿ 2020ರಲ್ಲಿ ವಿಜ್ಞಾನಿಗಳು ಹೊಸ ಮೀನೊಂದನ್ನು ಗುರುತಿಸಿ ‘ಶಿಸ್ಟುರಾ ಹಿರಣ್ಯಕೇಶಿ’ ಎಂದು ಹೆಸರಿಟ್ಟರು. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಆ ತಾಣವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಆ ಗುಹೆಯಿಂದ ಗಡಹಿಂಗ್ಲಜದ ಬೆಲ್ಲದ ಪೇಟೆಯವರೆಗೆ, ಅಲ್ಲಿಂದ ಸಂಕೇಶ್ವರದವರೆಗೆ ಹತ್ತಾರು ಕಡೆ ಹಿಡಿಹಿಡಿ ಹೂಳು ತೆಗೆದು ಹೋಲಿಸಿದರೆ, ಮನುಷ್ಯ ಎಲ್ಲೆಲ್ಲಿ ಎಷ್ಟೆಷ್ಟು ಸೇರಿಸಿದ ಎಂಬುದು ಹೆಜ್ಜೆಹೆಜ್ಜೆಗೆ ತಿಳಿಯುತ್ತದೆ. ಹೊಳೆ ಚಿಕ್ಕದಿರುವಾಗಲೇ ಈ ಕೆಲಸ ಮುಗಿಸಬೇಕು.

ಕೆಳದಂಡೆಯವರು ಅಳೆದಾಗ

ಜಪಾನಿನ ಜಿಂಜು ನದಿಯ ಮೇಲ್ದಂಡೆಯ ಸತುವಿನ ಗಣಿಯಿಂದ ಇಳಿದ ಕ್ಯಾಡ್ಮಿಯಂ, ಹೊಳೆಯ ಕೆಸರಿನೊಂದಿಗೆ ಭತ್ತದ ಗದ್ದೆ ಸೇರಿ, ಅನ್ನದ ಮೂಲಕ ಹೆಂಗಸರ ಎಲುಬು ಮುರಿಯಿತು. ನೋವಿನ ಕೂಗನ್ನೇ ಹೆಸರಾಗಿಸಿಕೊಂಡ ‘ಇತಾಯಿ-ಇತಾಯಿ’ ರೋಗವದು. ಗಣಿಯೇ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ, ದಶಕಗಳ ನಂತರ. ರಾಡಿಯ ವಿಷ ನಿಧಾನ. 2012ರಲ್ಲಿ ಇಚಲಕರಂಜಿಯಲ್ಲಿ ಕೊಳಚೆ ಬೆರೆತ ನೀರಿನಿಂದ ಕಾಮಾಲೆ ಹಬ್ಬಿದಾಗ ಇಡೀ ರಾಜ್ಯ ತಿರುಗಿ ನೋಡಿತು. ಲೋಹ ಹಾಗೆ ವಾರದಲ್ಲಿ ಸುದ್ದಿಯಾಗುವುದಿಲ್ಲ.

ಇನ್ನೊಂದು ಉದಾಹರಣೆ ಧೈರ್ಯ ಕೊಡುವಂಥದು. ರೈನ್ ನದಿಯ ಬಾಯಿಯಲ್ಲಿರುವ ರಾಟರ್‌ಡ್ಯಾಮ್ ಬಂದರಿನಲ್ಲಿ ಬೇರೆ ದೇಶಗಳ ಕೊಳೆ ಹೊತ್ತ ಹೂಳು ತುಂಬುತ್ತಿತ್ತು. ತೆಗೆದ ಹೂಳನ್ನು ಎಲ್ಲೂ ಚೆಲ್ಲುವಂತಿಲ್ಲದೆ 1980ರ ದಶಕದಲ್ಲಿ ‘ಸ್ಲುಫ್ಟರ್’ ಎಂಬ ದೊಡ್ಡ ಗುಂಡಿಯನ್ನೇ ಕಟ್ಟಬೇಕಾಯಿತು. ಆಮೇಲೆ ಆ ಊರು ಹೂಳನ್ನು ಅಳೆದು, ಮೇಲ್ದಂಡೆಯಲ್ಲಿ ಯಾವ ಲೋಹ ಎಲ್ಲಿಂದ ಬರುತ್ತದೆ ಎಂದು ಪತ್ತೆಹಚ್ಚಿ, ಕಾಗದ ಮುಂದಿಟ್ಟುಕೊಂಡು ಜರ್ಮನಿಯ ಉದ್ಯಮಗಳೊಂದಿಗೆ ಒಪ್ಪಂದಕ್ಕೆ ಕೂತಿತು. ಅಳತೆ ಕೈಯಲ್ಲಿದ್ದಾಗ ಜಗಳ ಮಾತುಕತೆಯಾಗುತ್ತದೆ.

ನಾವು ಕೃಷ್ಣೆಗಾಗಿ 1969ರಲ್ಲಿ ಒಂದು ನ್ಯಾಯಮಂಡಳಿ, 2004ರಲ್ಲಿ ಇನ್ನೊಂದು ಕಂಡೆವು. ಟಿಎಂಸಿ ಲೆಕ್ಕದಲ್ಲಿ ನೀರು ಹಂಚಿಕೊಂಡೆವು. ನೀರಿನ ಜೊತೆ ಬರುವ ರಾಡಿಯನ್ನು ಒಟ್ಟಿಗೆ ಕೂತು ಅಳೆಯುವ ಕೆಲಸ ಬಾಕಿಯಿದೆ. ಇತ್ತ ಹೊಳೆಯ ದಡದಲ್ಲೇ ಇರುವ ಇಚಲಕರಂಜಿ ಕುಡಿಯುವ ನೀರಿಗೆ ದೂಧಗಂಗೆಯ ಸುಳಕೂಡದತ್ತ ಕೈಚಾಚಬೇಕಾಗಿದೆ. ಕಾಗಲ, ನಿಪ್ಪಾಣಿ ಕಡೆಯ ರೈತರು ನಮ್ಮ ಹೊಳೆ ಕೊಡೆವು ಎನ್ನುತ್ತಿದ್ದಾರೆ. ಒಂದು ಹೊಳೆ ಕೆಟ್ಟರೆ ಪಕ್ಕದ ಹೊಳೆಯ ಮೇಲೆ ಜಗಳ ಬೀಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮಾಡಬಹುದಾದದ್ದು

ಮೊದಲನೆಯದು, ಪ್ರತಿ ಬಾಂದಾರದಲ್ಲಿ ವರ್ಷಕ್ಕೆ ಎರಡು ಸಲ ಹೂಳಿನ ಪರೀಕ್ಷೆ. ಹಲಗೆ ಹಾಕುವಾಗ ಒಮ್ಮೆ, ತೆಗೆಯುವ ಮುಂಚೆ ಒಮ್ಮೆ. ನೀರಿಗೆ ನಮ್ಮಲ್ಲಿ ಮಾನದಂಡಗಳಿವೆ, ನದಿಯ ಹೂಳಿಗೆ ರಾಷ್ಟ್ರೀಯ ಮಾನದಂಡ ಇನ್ನೂ ಇಲ್ಲ. ಬಸಾಲ್ಟ್ ಸೀಮೆಗೆ ಹೊಂದುವ ಮಾನದಂಡ ರೂಪಿಸಲು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಕೈಜೋಡಿಸಬಹುದು. ಎರಡರ ವಿದ್ಯಾರ್ಥಿಗಳೂ ಇದೇ ಹೊಳೆಸಾಲಿನ ಮಕ್ಕಳು.

ಎರಡನೆಯದು, ಹೂಳು ಹೊಲಕ್ಕೆ ಹೋಗುವ ಮುಂಚೆ ಪರೀಕ್ಷೆ. ಅಣೆಕಟ್ಟಿನ ಹೂಳು ತೆಗೆದು ಹೊಲಕ್ಕೆ ಹಾಕುವ ಯೋಜನೆಯನ್ನು ಮಹಾರಾಷ್ಟ್ರ 2017ರಲ್ಲಿ ತಂದಿತು. ಕಾಡಂಚಿನ ಕೆರೆಯ ಹೂಳು ಬಂಗಾರ. ಊರು, ಕಾರ್ಖಾನೆಗಳ ಕೆಳಗಿನ ಹೊಳೆಯ ಹೂಳಿಗೆ ಅದೇ ಮಾತು ಹೇಳುವ ಮುಂಚೆ ಒಂದು ಚೀಟಿ ಬೇಕು.

ಮೂರನೆಯದು, ರಂಜಕವನ್ನು ಹುಟ್ಟಿದಲ್ಲೇ ಹಿಡಿಯುವುದು. ಕೊಳಚೆ ಘಟಕದಲ್ಲಿ ಅದನ್ನು ಬೇರ್ಪಡಿಸಿದರೆ ಗೊಬ್ಬರ, ಹೊಳೆಗೆ ಬಿಟ್ಟರೆ ಜಲಪರ್ಣಿ. ಒಂದು ಎಚ್ಚರವೂ ಬೇಕು: ನಾಳೆ ಎಲ್ಲ ನಾಲೆಗಳನ್ನು ತಡೆದರೂ ತಳದ ರಾಡಿ ಕೆಲವು ವರ್ಷ ಹಳೆಯದನ್ನು ಕೊಡುತ್ತಲೇ ಇರುತ್ತದೆ. ಘಟಕ ಕಟ್ಟಿದರೂ ಹೊಳೆ ಸುಧಾರಿಸಲಿಲ್ಲವೆಂದು ಆಗ ಕೈಬಿಡಬಾರದು.

ಕೊಲ್ಹಾಪುರದಲ್ಲಿ ಪಂಚಗಂಗೆಯ ದಡದ ಬ್ರಹ್ಮಪುರಿ ದಿಬ್ಬದಲ್ಲಿ ಗ್ರೀಕರ ಸಮುದ್ರದೇವತೆ ಪೊಸೈಡಾನನ ಪುಟ್ಟ ಕಂಚಿನ ವಿಗ್ರಹ ಸಿಕ್ಕಿತು. 1945–46ರಲ್ಲಿ ಪುರಾತತ್ವಜ್ಞರಾದ ಸಂಕಾಲಿಯಾ ಮತ್ತು ದೀಕ್ಷಿತ್ ಅಲ್ಲಿ ಉತ್ಖನನ ನಡೆಸಿದರು. ಶಾತವಾಹನರ ಕಾಲದಲ್ಲಿ ದೂರದೇಶದಿಂದ ಬಂದ ಲೋಹವನ್ನು ಆ ಮಣ್ಣು ಸುಮಾರು ಎರಡು ಸಾವಿರ ವರ್ಷ ಕಾಪಾಡಿ ನಮ್ಮ ಕೈಗೆ ಒಪ್ಪಿಸಿತು. ನಾವು ಕೊಟ್ಟ ಲೋಹವನ್ನೂ ಅದು ಹಾಗೆಯೇ ಮಕ್ಕಳ ಕೈಗೆ ಒಪ್ಪಿಸುತ್ತದೆ. ಹೊಳೆಸಾಲಿನ ಓದುಗರಲ್ಲಿ ಒಂದೇ ವಿನಂತಿ: ಮುಂದಿನ ಸಲ ನಿಮ್ಮೂರಿಗೆ ಅಧಿಕಾರಿಗಳು ನೀರಿನ ಬಾಟಲಿ ಹಿಡಿದು ಬಂದಾಗ, ಹಲಗೆಯ ಹಿಂದಿನ ರಾಡಿಯನ್ನೂ ಒಂದು ಹಿಡಿ ತೆಗೆದುಕೊಂಡು ಹೋಗಿ ಎಂದು ಹೇಳಿ. ಅದರ ವರದಿಯನ್ನು ಪಂಚಾಯಿತಿಯ ಗೋಡೆಗೆ ಹಚ್ಚುವವರೆಗೆ ಕೇಳುತ್ತಲೇ ಇರಿ.